ಬಿಸಿಯಾದಾಗ ಮುನಿಯುವ ಕಿಡಿ

ಹಳೆಯ ಕಾರು ಸಾಕಿದವರಿಗೆಲ್ಲ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಬೆಳಿಗ್ಗೆ ಕೀಲಿ ತಿರುವಿದ ಕೂಡಲೇ ಎಂಜಿನ್ ಚಾಲೂ ಆಗುತ್ತದೆ. ಇಪ್ಪತ್ತು ಮೂವತ್ತು ಮೈಲಿ ತಕರಾರಿಲ್ಲದೆ ಓಡುತ್ತದೆ. ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಡಲು ಹೋದರೆ ಮಾತ್ರ ಜಪ್ಪಯ್ಯ ಎಂದರೂ ಏಳುವುದಿಲ್ಲ. ಸೆಲ್ಫ್ ಗರಗರ ತಿರುಗುತ್ತದೆ, ಬ್ಯಾಟರಿ ಸೊರಗುತ್ತದೆ, ಕುಳಿತವರು ಇಳಿದು ನೂಕುತ್ತಾರೆ. ಒಂದು ತಾಸು ಕಳೆದ ಮೇಲೆ, ಯಾರೂ ಏನೂ ಮಾಡದಿದ್ದರೂ, ಏನೂ ಆಗಿಯೇ ಇಲ್ಲವೆಂಬಂತೆ ಹೊರಟುಬಿಡುತ್ತದೆ. ಗ್ಯಾರೇಜಿಗೆ ಒಯ್ದು ತೋರಿಸಿದರೆ ಅಲ್ಲಿ ಎಲ್ಲವೂ ಸರಿಯಾಗಿರುತ್ತದೆ. ವೈದ್ಯರ ಮುಂದೆ ಕುಳಿತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ.

ಈ ರೋಗಕ್ಕೆ ನಮ್ಮ ರಸ್ತೆಗಳಲ್ಲಿ ಒಂದೇ ಮದ್ದು ಚಾಲ್ತಿಯಲ್ಲಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು. ಅಂಬಾಸಡರ್ ಮತ್ತು ಫಿಯೆಟ್ ಗಾಡಿಗಳ ಕಾಲದಲ್ಲಿ ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಚಿಂದಿ ಸುತ್ತಿ, ಬೀಡಿ ಹಚ್ಚಿ ಕುಳಿತ ಡ್ರೈವರನನ್ನು ನೋಡದೆ ಬೇಸಿಗೆ ಪ್ರಯಾಣ ಮುಗಿಯುತ್ತಿರಲಿಲ್ಲ. ಅರ್ಧ ತಾಸಿಗೆ ಗಾಡಿ ಏಳುತ್ತಿತ್ತು. ಬಟ್ಟೆಗೆ ಹೆಸರು ಬರುತ್ತಿತ್ತು. ಆದರೆ ಆ ಹೆಸರು ಎಲ್ಲ ಸಲವೂ ನ್ಯಾಯವಾಗಿ ಬಂದದ್ದಲ್ಲ. ಅನೇಕ ಸಲ ತಪ್ಪು ಪೆಟ್ರೋಲಿನದಾಗಿರಲಿಲ್ಲ, ಕಿಡಿಯದಾಗಿತ್ತು. ಬಟ್ಟೆ ಒದ್ದೆ ಮಾಡಿ ಕಾಯುವಷ್ಟರಲ್ಲಿ ಕಿಡಿ ಹುಟ್ಟಿಸುವ ಕಾಯಿಲ್ ತಾನಾಗಿಯೇ ತಣ್ಣಗಾಗಿರುತ್ತಿತ್ತು. ಗುಣ ಮಾಡಿದ್ದು ಕಾಲ, ಕೀರ್ತಿ ಹೋದದ್ದು ಬಟ್ಟೆಗೆ.

ರೋಗ ಯಾವುದು, ಅದನ್ನು ಹೇಗೆ ಹಿಡಿಯಬೇಕು ಎಂಬುದಕ್ಕೆ ನೂರು ವರ್ಷ ಮೀರಿದ ಚರಿತ್ರೆಯೊಂದಿದೆ. ಆ ಚರಿತ್ರೆಯ ಹೆಸರುಗಳನ್ನು ನಮ್ಮ ಮಿಸ್ತ್ರಿಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ದಿನವೂ ಉಚ್ಚರಿಸುತ್ತ ಬಂದಿದ್ದಾರೆ.

ಗುಡಗೇರಿಯ ದಾರಿಯಲ್ಲಿ

ಮೊದಲು ಊರಿನ ಮಾತು. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಪಂಪ ತನ್ನ ಕಾವ್ಯದ ಭಾಷೆಗೆ ಆಧಾರವಾಗಿ ಹೇಳಿಕೊಂಡ ತಿರುಳ್ಗನ್ನಡದ ನಾಡು, ಸೋಮೇಶ್ವರ ದೇವಾಲಯ ಮತ್ತು ಶಂಖ ಬಸದಿಗಳ ಊರು. ಬ್ರಿಟಿಷರ ಕಾಲದಲ್ಲಿ ಇದು ಮೀರಜ ಸಂಸ್ಥಾನಕ್ಕೆ ಸೇರಿತ್ತು. ಆಮೇಲೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, 1956ರಲ್ಲಿ ವಿಶಾಲ ಮೈಸೂರು, 1997ರಿಂದ ಗದಗ ಜಿಲ್ಲೆ ಎಂದು ಊರಿನ ವಿಳಾಸ ಬದಲಾಗುತ್ತ ಬಂತು. ಬದಲಾಗದೆ ಉಳಿದದ್ದೆಂದರೆ ರೈಲಿನ ದೂರ. ಹುಬ್ಬಳ್ಳಿ–ಹರಿಹರ ಮಾರ್ಗದ ಗುಡಗೇರಿ, ಯಲವಿಗಿ ನಿಲ್ದಾಣಗಳಿಗೆ ಇಲ್ಲವೇ ಗದಗಿಗೆ ಹೋಗಿಯೇ ರೈಲು ಹತ್ತಬೇಕು. ಹತ್ತಿ, ಮೆಣಸಿನಕಾಯಿ, ಶೇಂಗಾ, ವರ, ವಧು, ರೋಗಿ, ಎಲ್ಲರಿಗೂ ರಸ್ತೆಯೇ ಗತಿ. ಆ ರಸ್ತೆಯೋ ಎರೆ ಭೂಮಿಯ ಬಟ್ಟ ಬಯಲಿನಲ್ಲಿ ಹಾದುಹೋಗುವಂಥದ್ದು. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳು ಹುಡುಕಿದರೆ ಸಿಗುವುದು ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಮದುವೆ, ಜಾತ್ರೆಗಳು ಹೆಚ್ಚಾಗಿ ನಡೆಯುವುದೂ, ಬಾಡಿಗೆ ಕಾರುಗಳಿಗೆ ಬಿಡುವಿಲ್ಲದಿರುವುದೂ ಅದೇ ದಿನಗಳಲ್ಲಿ.

1980ರ ದಶಕದ ಕೊನೆಯ ಒಂದು ಮೇ ತಿಂಗಳು ಉಸಿರಾಟದ ತೊಂದರೆಯಿದ್ದ ನಮ್ಮ ಅಜ್ಜನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲು ಬಾಡಿಗೆ ಅಂಬಾಸಡರ್ ಒಂದನ್ನು ಗೊತ್ತುಮಾಡಿದ್ದೆವು. ಗುಡಗೇರಿಯ ಹತ್ತಿರ ಅಜ್ಜನಿಗೆ ನೀರು ಕುಡಿಸಲೆಂದು ನಿಲ್ಲಿಸಿದ ಗಾಡಿ ಮತ್ತೆ ಏಳಲಿಲ್ಲ. ಡ್ರೈವರ್ ಅನುಭವಸ್ಥ. ಯಾವುದೇ ಗಾಬರಿಯಿಲ್ಲದೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ. ಈ ಗಾಡಿಗೆ ಆ ವರ್ಷ ಎರಡು ಸಲ ಪಂಪ್ ಬದಲಿಸಿಯಾಗಿದೆ ಎಂಬುದನ್ನೂ ಹೇಳಿದ. ಹಿಂದಿನ ಸೀಟಿನಲ್ಲಿ ಅಜ್ಜನ ಉಸಿರು ಏರುತ್ತಿತ್ತು. ಕಾಯುವ ಅರ್ಧ ತಾಸು ನಮ್ಮ ಕೈಯಲ್ಲಿರಲಿಲ್ಲ.

ಅಷ್ಟರಲ್ಲಿ ಸೈಕಲ್ ಮೇಲೆ ಬಂದವನು ಹಳ್ಳಿಯ ಒಬ್ಬ ಮಿಸ್ತ್ರಿ. ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಜೀಪು ಎಲ್ಲವನ್ನೂ ನೋಡುವವನು. ಡ್ರೈವರ್ ಬಟ್ಟೆಯತ್ತ ತೋರಿಸಿ, ‘ಇನ್ನೊಂದ್ ಸ್ವಲ್ಪ ಆರ್ಲಿ ಬಿಡ್ರಿ’ ಎಂದ. ಮಿಸ್ತ್ರಿ ಒಪ್ಪಲಿಲ್ಲ. ‘ಆರಿದ ಮ್ಯಾಲ ಏನ್ ನೋಡ್ತೀರಿ? ಈಗ ನೋಡಬೇಕ್ರಿ, ರೋಗ ಇದ್ದಾಗ’ ಎಂದವನೇ ಕಾಯಿಲಿನಿಂದ ಬರುವ ದಪ್ಪ ವೈರನ್ನು ಡೆಲ್ಕೊ ಮುಚ್ಚಳದಿಂದ ಕಿತ್ತು, ಇಕ್ಕಳಕ್ಕೆ ರಬ್ಬರ್ ಸುತ್ತಿ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಿರುಬೆರಳಿನ ಅರ್ಧದಷ್ಟು ದೂರದಲ್ಲಿಟ್ಟು ಸೆಲ್ಫ್ ಹೊಡೆಯಲು ಹೇಳಿದ. ಬಿದ್ದದ್ದು ಹಳದಿ ಬಣ್ಣದ, ಎಳೆಯಂಥ, ಸತ್ತ ಕಿಡಿ. ‘ಪೆಟ್ರೋಲ್ ಬಂದ್ರ ಏನ್ ಮಾಡೂದ್ರಿ, ಬೆಂಕಿನ ಇಲ್ಲ’ ಎಂದ. ತನ್ನ ಚೀಲದಿಂದ ಕಂಡೆನ್ಸರ್ ಒಂದನ್ನು ತೆಗೆದು ಹೊರಗಿನಿಂದಲೇ ತಗುಲಿಸಿ ನೋಡಿದ, ಬದಲಾಗಲಿಲ್ಲ. ಆಮೇಲೆ ಹಳೆಯದೊಂದು ಕಾಯಿಲನ್ನು ತಂತಿಯಿಂದ ಕಟ್ಟಿ ಜೋಡಿಸಿದ. ಈ ಸಲ ಟಪ್ ಟಪ್ ಎಂದು ನೀಲಿ ಕಿಡಿ ಹಾರಿತು. ವೈರು ಮತ್ತೆ ಹಾಕಿದ ಮೊದಲ ಸುತ್ತಿಗೇ ಎಂಜಿನ್ ಹತ್ತಿತು. ಎಲ್ಲಕ್ಕೂ ಹಿಡಿದದ್ದು ಹತ್ತು ನಿಮಿಷ. ಅಜ್ಜ ಸಂಜೆಯೊಳಗೆ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು, ಮುಂದೆ ನಾಲ್ಕು ವರ್ಷ ಬದುಕಿದರು.

ಕಿತ್ತುಹಾಕಿದ ಕಾಯಿಲನ್ನು ಮಿಸ್ತ್ರಿ ಡ್ರೈವರನ ಕೈಗೆ ಕೊಟ್ಟು, ‘ಸಂಜಿಕಿ ತಣ್ಣಗಾದ ಮ್ಯಾಲ ಹಚ್ಚಿ ನೋಡ್ರಿ, ಛಲೋ ಇರ್ತೈತಿ’ ಎಂದು ನಕ್ಕ. ಹಾಗೆಯೇ ಆಯಿತಂತೆ. ಎರಡು ಪಂಪುಗಳ ದುಡ್ಡು ಸುಮ್ಮನೆ ಹೋಗಿತ್ತು.

ಮಿಸ್ತ್ರಿಯ ಬಾಯಲ್ಲಿ ಚರಿತ್ರೆ

ಆ ಮಿಸ್ತ್ರಿ ಆಡಿದ ಮಾತಿನಲ್ಲಿ ಎರಡು ಶಬ್ದಗಳನ್ನು ಗಮನಿಸಬೇಕು: ‘ಡೆಲ್ಕೊ’ ಮತ್ತು ‘ಸೆಲ್ಫ್’. ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ದೇಶದ ಅನೇಕ ಗ್ಯಾರೇಜುಗಳಲ್ಲಿ ಡೆಲ್ಕೊ ಎಂದೇ ಹೆಸರು. ಅದು ವಾಸ್ತವವಾಗಿ ಒಂದು ಅಮೆರಿಕನ್ ಕಂಪನಿಯ ಹೆಸರಿನ ಸಂಕ್ಷೇಪ. ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ, ವಿಮಾನ ಕಂಡುಹಿಡಿದ ರೈಟ್ ಸಹೋದರರ ಊರಿನಲ್ಲೇ, 1909ರಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಕಟ್ಟಿದ ‘ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ’ಯೇ ಡೆಲ್ಕೊ.

ಕೆಟರಿಂಗ್‌ಗಿಂತ ಮೊದಲು ಕಿಡಿ ಇರಲಿಲ್ಲವೆಂದಲ್ಲ. ಫ್ಯಾರಡೆ 1831ರಲ್ಲಿ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಮೇಲೆ, ಒಂದರ ಮೇಲೊಂದು ಸುತ್ತಿದ ಎರಡು ತಂತಿ ಸುರುಳಿಗಳಿಂದ ಸಣ್ಣ ವೋಲ್ಟೇಜನ್ನು ಭಾರಿ ವೋಲ್ಟೇಜಾಗಿ ಏರಿಸುವ ವಿದ್ಯೆ ಯುರೋಪಿನ ಪ್ರಯೋಗಾಲಯಗಳಲ್ಲಿ ಬೆಳೆಯಿತು. 1853ರಲ್ಲಿ ಫ್ರಾನ್ಸಿನ ಫಿಜೋ ಎಂಬ ವಿಜ್ಞಾನಿ ಇಂಥ ಸುರುಳಿಗೆ ಕಂಡೆನ್ಸರ್ ಜೋಡಿಸಿದರೆ ಕಿಡಿಯ ಬಲ ಹೆಚ್ಚುತ್ತದೆಂದು ತೋರಿಸಿದ. ಲೆನ್ವಾ 1860ರಲ್ಲಿ ಮಾಡಿದ ಗ್ಯಾಸ್ ಎಂಜಿನ್ನಿಗೆ ಬೆಂಕಿ ಕೊಟ್ಟದ್ದು ಇಂಥದೇ ಸುರುಳಿ. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ತನ್ನ ಮೊದಲ ಗಾಡಿಗೆ ಬ್ಯಾಟರಿ ಮತ್ತು ಕಾಯಿಲನ್ನೇ ನಂಬಿದ್ದ. ಗಾಟ್ಲೀಬ್ ಡೈಮ್ಲರ್ ಕಾಯಿಸಿದ ಕೊಳವೆಯೊಂದನ್ನು ನೆಚ್ಚಿಕೊಂಡಿದ್ದ. ಎರಡೂ ತಾಪತ್ರಯದವೇ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಬ್ಯಾಟರಿಯೇ ಬೇಡದ ಮ್ಯಾಗ್ನೆಟೊ ಎಂಬ ಸಾಧನವನ್ನು ಎಂಜಿನ್ನುಗಳಿಗೆ ಅಳವಡಿಸುತ್ತ ಬಂದ. ಅವನ ಸಂಗಡಿಗ ಗಾಟ್ಲೋಬ್ ಹೊನಾಲ್ಡ್ 1902ರಲ್ಲಿ ಅದನ್ನು ಭಾರಿ ವೋಲ್ಟೇಜಿನ ಮ್ಯಾಗ್ನೆಟೊ ಆಗಿ ಸುಧಾರಿಸಿ, ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಒದಗಿಸಿದ.

ಮ್ಯಾಗ್ನೆಟೊ ವೇಗದಲ್ಲಿ ಚೆನ್ನಾಗಿ ಕಿಡಿ ಕೊಡುತ್ತದೆ. ಆದರೆ ಕೈಯಿಂದ ಹ್ಯಾಂಡಲ್ ಹೊಡೆದು ನಿಧಾನವಾಗಿ ತಿರುಗಿಸುವಾಗ, ಅಂದರೆ ಬೇಕೇಬೇಕಾದ ಹೊತ್ತಿನಲ್ಲಿ, ಅದರ ಕಿಡಿ ದುರ್ಬಲ. ಕೆಟರಿಂಗ್ ಸಾಧಿಸಿದ್ದು ಇಲ್ಲಿ. ಬ್ಯಾಟರಿ, ಕಾಯಿಲ್, ತೆರೆದು ಮುಚ್ಚುವ ಪಾಯಿಂಟ್, ಕಂಡೆನ್ಸರ್, ಹಂಚುವ ಮುಚ್ಚಳ, ಇಷ್ಟನ್ನೂ ಒಂದು ನಂಬಿಕೆಯ ವ್ಯವಸ್ಥೆಯಾಗಿ ಜೋಡಿಸಿದ. ಕ್ಯಾಡಿಲಾಕ್ ಕಂಪನಿ ತನ್ನ 1910ರ ಕಾರುಗಳಿಗೆ ಅದನ್ನು ಹಾಕಿತು. ಎರಡೇ ವರ್ಷಗಳಲ್ಲಿ, 1912ರ ಕ್ಯಾಡಿಲಾಕ್‌ಗೆ, ಅದೇ ಕೆಟರಿಂಗ್ ವಿದ್ಯುತ್ತಿನ ಸೆಲ್ಫ್ ಸ್ಟಾರ್ಟರನ್ನೂ ಕೊಟ್ಟ. ಹ್ಯಾಂಡಲ್ ಹೊಡೆಯುವಾಗ ಅದು ತಿರುಗಿ ಬಡಿದು ಕೈ ಮುರಿದುಕೊಳ್ಳುವ ಕಾಲ ಮುಗಿಯುತ್ತ ಬಂತು. ‘ಸೆಲ್ಫ್ ಹೊಡಿ’ ಎಂಬ ನಮ್ಮ ಡ್ರೈವರುಗಳ ಮಾತಿನ ಮೂಲ ಇದು.

ಆರೋಪಿ ಪಂಪಿನದೂ ಇಂಥದೇ ಕತೆ. ಎಂಜಿನ್ನಿಗೆ ತಗುಲಿಕೊಂಡು ಪೆಟ್ರೋಲ್ ಎಳೆಯುವ ಪಂಪಿಗೆ ನಮ್ಮಲ್ಲಿ ‘ಎಸಿ ಪಂಪ್’ ಎನ್ನುತ್ತಾರೆ. ಆ ಎರಡು ಅಕ್ಷರಗಳು ಆಲ್ಬರ್ಟ್ ಚಾಂಪಿಯನ್ ಎಂಬ ಫ್ರೆಂಚ್ ಮೂಲದವನ ಹೆಸರಿನವು. ಅವನು 1899ರಲ್ಲಿ ಪ್ಯಾರಿಸ್–ರೂಬೆ ಸೈಕಲ್ ಪಂದ್ಯ ಗೆದ್ದವನು. ಅಮೆರಿಕಕ್ಕೆ ಹೋಗಿ ಸ್ಪಾರ್ಕ್ ಪ್ಲಗ್ ಉದ್ಯಮ ಕಟ್ಟಿದ. ಅವನ ಕಂಪನಿಯೂ ಡೆಲ್ಕೊ ಕೂಡ ಕೊನೆಗೆ ಸೇರಿದ್ದು ಜನರಲ್ ಮೋಟಾರ್ಸ್ ಎಂಬ ಒಂದೇ ಮನೆಗೆ. ಬಿಸಿ ಗಾಡಿ ಏಳದಿದ್ದಾಗ ನಮ್ಮ ಮಿಸ್ತ್ರಿಗಳು ‘ಎಸಿಯೋ ಡೆಲ್ಕೊವೋ’ ಎಂದು ವಾದಿಸಿದ್ದು ಒಂದೇ ಮನೆಯ ಇಬ್ಬರು ದಾಯಾದಿಗಳ ನಡುವೆ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ‘ಮೋಟಾರ್ ಇಂಡಸ್ಟ್ರೀಸ್ ಕಂಪನಿ’, ಜನರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನುಗಳ ಇಂಜೆಕ್ಷನ್ ಸಾಮಗ್ರಿಯನ್ನೂ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಹಳ್ಳಿಯ ಅಂಗಡಿಗಳಲ್ಲಿ ಪ್ಲಗ್ಗು ಬಹುಕಾಲ ಮೈಕೋ ಪ್ಲಗ್ಗಾಗಿಯೇ ಉಳಿಯಿತು. ಇಂಗ್ಲೆಂಡಿನ ಲ್ಯೂಕಾಸ್ ಕಂಪನಿಯ ಕಾರು ವಿದ್ಯುತ್ ಸಾಮಗ್ರಿ 1961ರಲ್ಲಿ ಹುಟ್ಟಿದ ಮದ್ರಾಸಿನ ಲ್ಯೂಕಾಸ್–ಟಿವಿಎಸ್ ಮೂಲಕ ಇಲ್ಲಿಯದಾಯಿತು.

ಇವೆಲ್ಲ ಕೂಡಿದ ಗಾಡಿಯೇ ಅಂಬಾಸಡರ್. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಇದನ್ನು ಹೊರತಂದಿತು. ಬಹುಕಾಲ ಅದಕ್ಕಿದ್ದದ್ದು 1489 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇಂಗ್ಲೆಂಡಿನ ಚಳಿಗೆಂದು ಹುಟ್ಟಿದ ಎಂಜಿನ್ ಎರೆ ನಾಡಿನ ಬಿಸಿಲಿಗೆ ಬಂದು ನಿಂತಿತು. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಕೆಲಸ ನಿಲ್ಲಿಸುವವರೆಗೂ ಅದು ನಮ್ಮ ರಸ್ತೆಗಳ ಯಜಮಾನನಾಗಿತ್ತು.

ಬಿಸಿಗೂ ಕಿಡಿಗೂ ಏನು ವೈರ?

ಈಗ ರೋಗದ ಮೂಲಕ್ಕೆ ಬರೋಣ. ಕಾಯಿಲಿನೊಳಗೆ ಎರಡು ಸುರುಳಿಗಳಿವೆ. ದಪ್ಪ ತಂತಿಯ ಕೆಲವು ನೂರು ಸುತ್ತು ಒಂದು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು ಇನ್ನೊಂದು. ಪಾಯಿಂಟ್ ಮುಚ್ಚಿದ್ದಾಗ ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಕರೆಂಟ್ ಹರಿದು ಅಯಸ್ಕಾಂತ ಶಕ್ತಿ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಶಕ್ತಿ ಕುಸಿದು, ತೆಳು ಸುರುಳಿಯಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟಿನ ಹೊಡೆತ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ನಾಲ್ಕು ಸಿಲಿಂಡರಿನ ಕಾರಿಗೆ ಸೆಕೆಂಡಿಗೆ 100 ಕಿಡಿ ಬೇಕು. ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ.

ತಾಮ್ರದ ತಂತಿಗೆ ಒಂದು ಗುಣವಿದೆ. ಬಿಸಿ ಒಂದು ಡಿಗ್ರಿ ಏರಿದಂತೆಲ್ಲ ಅದರ ಪ್ರತಿರೋಧ ಶೇಕಡ 0.4ರಷ್ಟು ಹೆಚ್ಚುತ್ತದೆ. ತಣ್ಣಗಿದ್ದಾಗ 3 ಓಮ್ ಪ್ರತಿರೋಧವಿರುವ ಕಾಯಿಲ್ 12 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುತ್ತದೆ. ಅದೇ ಕಾಯಿಲ್ 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ಪ್ರತಿರೋಧ ಕಾಲು ಭಾಗಕ್ಕಿಂತ ಹೆಚ್ಚಾಗಿ, ಕರೆಂಟ್ 3 ಆಂಪಿಯರಿನ ಹತ್ತಿರಕ್ಕೆ ಇಳಿಯುತ್ತದೆ. ಕಿಡಿಯ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಸುಮಾರು ಶೇಕಡ 60. ಸೆಲ್ಫ್ ಹೊಡೆದಾಗ ಬ್ಯಾಟರಿಯ ವೋಲ್ಟೇಜ್ ಒಂಬತ್ತು, ಹತ್ತಕ್ಕೆ ಕುಸಿಯುವುದರಿಂದ ಅದರಲ್ಲೂ ಮತ್ತೊಂದು ಪಾಲು ಹೋಗುತ್ತದೆ. ಹೊಸ ಕಾಯಿಲ್ ಇದನ್ನೆಲ್ಲ ತಾಳಿಕೊಳ್ಳುವಂತೆ ಉಳಿತಾಯ ಇಟ್ಟೇ ಮಾಡಿರುತ್ತಾರೆ. ಆದರೆ ಹಳೆಯ ಕಾಯಿಲಿನಲ್ಲಿ ತಂತಿಗಳ ನಡುವಿನ ಹೊದಿಕೆ ಹಣ್ಣಾಗಿರುತ್ತದೆ. ಬಿಸಿಗೆ ಅದು ಸಡಿಲವಾಗಿ, ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಒಳಗೊಳಗೇ ಅಡ್ಡದಾರಿ ಹಿಡಿಯುತ್ತದೆ. ತಣ್ಣಗಾದರೆ ಹೊದಿಕೆ ಮತ್ತೆ ಬಿಗಿಯಾಗುತ್ತದೆ, ಕಳ್ಳ ಸಾಧುವಾಗುತ್ತಾನೆ. ಕಂಡೆನ್ಸರಿನದೂ ಇದೇ ನಡತೆ.

ನಿಲ್ಲಿಸಿದ ಮೇಲೆಯೇ ಏಕೆ ಈ ಕಾಟ, ಓಡುವಾಗ ಏಕಿಲ್ಲ ಎಂಬ ಪ್ರಶ್ನೆ ಸಹಜ. ಓಡುವಾಗ ಫ್ಯಾನಿನ ಗಾಳಿ, ರೇಡಿಯೇಟರಿನ ನೀರು ಎರಡೂ ಶಾಖವನ್ನು ಹೊರಗೆ ಒಯ್ಯುತ್ತಿರುತ್ತವೆ. ನಿಲ್ಲಿಸಿದ ಕೂಡಲೇ ಎರಡೂ ನಿಲ್ಲುತ್ತವೆ. ಕಾದ ಕಬ್ಬಿಣದ ಬಿಸಿಯೆಲ್ಲ ಬಾನೆಟ್ಟಿನೊಳಗೆ ತುಂಬಿಕೊಂಡು, ಹತ್ತು ಇಪ್ಪತ್ತು ನಿಮಿಷಗಳವರೆಗೆ ಅಲ್ಲಿನ ಉಷ್ಣತೆ ಇಳಿಯುವ ಬದಲು ಏರುತ್ತದೆ. ಚಹಾ ಕುಡಿಯುವ ಹೊತ್ತು ಸರಿಯಾಗಿ ಅಷ್ಟೇ. ಕೆಲವರು ಎಂಜಿನ್ ನಿಲ್ಲಿಸಿಯೂ ಕೀಲಿಯನ್ನು ಚಾಲೂ ಇಟ್ಟಿರುತ್ತಾರೆ. ಆಗ ಪಾಯಿಂಟ್ ಮುಚ್ಚಿದ್ದರೆ ಕಾಯಿಲಿನಲ್ಲಿ ಕರೆಂಟ್ ಎಡೆಬಿಡದೆ ಹರಿದು ಅದು ಇನ್ನಷ್ಟು ಬೇಯುತ್ತದೆ.

ತೊಡಕಿರುವುದು ಇಲ್ಲಿಯೇ. ಪೆಟ್ರೋಲ್ ಕೂಡ ಇದೇ ಬಿಸಿಗೆ ಪಂಪಿನಲ್ಲೂ ಪೈಪಿನಲ್ಲೂ ಆವಿಯಾಗಿ ಹರಿವು ಕಟ್ಟಿಹೋಗುತ್ತದೆ. ಅದೂ ಹತ್ತು ನಿಮಿಷಕ್ಕೆ ಕಾಡಿ ಒಂದು ತಾಸಿಗೆ ವಾಸಿಯಾಗುವ ರೋಗವೇ. ಎರಡು ಬೇರೆ ರೋಗಗಳಿಗೆ ಒಂದೇ ಲಕ್ಷಣ, ಒಂದೇ ಕಾಲಮಾನ. ಕಾಯ್ದು ನೋಡಿದರೆ ಎರಡೂ ಗುಣವಾಗುತ್ತವೆ, ಯಾವುದು ಗುಣವಾಯಿತೆಂದು ತಿಳಿಯುವುದಿಲ್ಲ.

ನಾಡಿ ಹಿಡಿಯುವ ಕ್ರಮ

ಆದ್ದರಿಂದ ಅನುಭವಿ ಮಿಸ್ತ್ರಿಯ ಮೊದಲ ನಿಯಮ, ಗಾಡಿ ಆರುವ ಮೊದಲೇ ನೋಡಬೇಕು ಎಂಬುದು. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ಲಗ್ಗು, ಪಾಯಿಂಟ್, ಕಂಡೆನ್ಸರ್, ಕಾಯಿಲ್ ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಏಳಬಹುದು, ಕಾರಣ ಮಾತ್ರ ಸಿಗುವುದಿಲ್ಲ.

ಮೊದಲ ಪರೀಕ್ಷೆ ಗುಡಗೇರಿಯ ಮಿಸ್ತ್ರಿ ಮಾಡಿದ್ದೇ. ಕಾಯಿಲಿನ ದಪ್ಪ ವೈರಿನ ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಸುಮಾರು 6 ಮಿಲಿಮೀಟರ್ ದೂರ ಹಿಡಿದಾಗ ದಪ್ಪ ನೀಲಿ ಕಿಡಿ ಸದ್ದು ಮಾಡುತ್ತ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂವರೂ ನಿರಪರಾಧಿಗಳು. ಹಳದಿ ಎಳೆ ಬಂದರೆ, ಇಲ್ಲವೇ ಏನೂ ಬಾರದಿದ್ದರೆ ಇವರಲ್ಲೊಬ್ಬ ಕಳ್ಳ. ಪೆಟ್ರೋಲ್ ಸೋರಿ ವಾಸನೆ ಇರುವಲ್ಲಿ ಇದನ್ನು ಮಾಡಕೂಡದು, ವೈರನ್ನು ಬರಿಗೈಯಿಂದ ಹಿಡಿಯಕೂಡದು. ಎಲೆಕ್ಟ್ರಾನಿಕ್ ಪೆಟ್ಟಿಗೆಯಿರುವ ಹೊಸ ಗಾಡಿಗಳಲ್ಲಿ ಈ ಆಟವೇ ಬೇಡ. ಪೆಟ್ಟಿಗೆ ಸುಟ್ಟೀತು, ಕೈಗೂ ಭಾರಿ ಹೊಡೆತ ಬಿದ್ದೀತು.

ನೀಲಿ ಕಿಡಿ ಇದ್ದೂ ಪ್ಲಗ್ಗಿಗೆ ತಲುಪದಿದ್ದರೆ ಡೆಲ್ಕೊ ಮುಚ್ಚಳ ಮತ್ತು ಅದರೊಳಗೆ ತಿರುಗುವ ರೋಟರನ್ನು ನೋಡಬೇಕು. ಕಣ್ಣಿಗೆ ಕಾಣದ ಸೀಳಿನಲ್ಲಿ ಕಿಡಿ ನುಸುಳಿ ಕೆಳಗಿನ ಕಬ್ಬಿಣಕ್ಕೆ ಇಳಿದುಹೋಗುತ್ತದೆ. ಪ್ಲಗ್ಗಿನವರೆಗೂ ಕಿಡಿ ಸರಿಯಾಗಿದ್ದರೆ ಆಗ ಪೆಟ್ರೋಲಿನ ಕಡೆ ತಿರುಗಬೇಕು. ಪ್ಲಗ್ಗು ಬಿಚ್ಚಿದಾಗ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆ ಬಟ್ಟೆಗೆ ಈಗ ಅರ್ಥವಿದೆ. ಪ್ಲಗ್ಗು ತೊಯ್ದು ವಾಸನೆ ಹೊಡೆಯುತ್ತಿದ್ದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಕುದಿದು ಉಕ್ಕಿ ಎಂಜಿನ್ನನ್ನು ಮುಳುಗಿಸಿದೆ. ಆಗ ಎಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ಹೋಗಿ ಒಣಗುತ್ತದೆ.

ಕಿಡಿಯೇ ಇಲ್ಲದಿದ್ದಾಗ ಬೇಕಾಗುವುದು ಎರಡು ವೈರು ಸಿಕ್ಕಿಸಿದ ಒಂದು 12 ವೋಲ್ಟಿನ ಸಣ್ಣ ಬಲ್ಬು. ಒಂದು ವೈರು ಗಾಡಿಯ ಮೈಗೆ. ಇನ್ನೊಂದನ್ನು ಮೊದಲು ಕಾಯಿಲಿಗೆ ಬ್ಯಾಟರಿ ಕರೆಂಟ್ ಬರುವ ತುದಿಗೆ ಮುಟ್ಟಿಸಬೇಕು. ಕೀಲಿ ಚಾಲೂ ಇದ್ದಾಗ ಬಲ್ಬು ಉರಿಯದಿದ್ದರೆ ಕೀಲಿಯ ಸ್ವಿಚ್ಚೋ ವೈರೋ ಕೈಕೊಟ್ಟಿದೆ. ಉರಿದರೆ, ಆ ವೈರನ್ನು ಡೆಲ್ಕೊ ಕಡೆಯ ತುದಿಗೆ ಮುಟ್ಟಿಸಿ ಸೆಲ್ಫ್ ಹೊಡೆಯಬೇಕು. ಬಲ್ಬು ಮಿಣುಕು ಮಿಣುಕೆಂದರೆ ಪಾಯಿಂಟ್ ಸರಿಯಾಗಿ ತೆರೆದು ಮುಚ್ಚುತ್ತಿದೆ. ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಅಥವಾ ಡೆಲ್ಕೊ ಒಳಗಿನ ತಟ್ಟೆಯನ್ನು ಮೈಗೆ ಜೋಡಿಸುವ ಸಣ್ಣ ಹೆಣಿಗೆಯ ಅರ್ಥ್ ವೈರು ಕಡಿದಿದೆ. ತಟ್ಟೆ ಅಲುಗಾಡಿದಂತೆಲ್ಲ ಈ ವೈರು ಹೊದಿಕೆಯೊಳಗೇ ಸವೆದು ಒಮ್ಮೆ ಕೂಡಿ ಒಮ್ಮೆ ಬಿಟ್ಟು ಮಿಸ್ತ್ರಿಗಳನ್ನು ಹುಚ್ಚು ಹಿಡಿಸುತ್ತದೆ. ಬಲ್ಬು ಹತ್ತದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಒಳಗೆ ಕೂಡಿಕೊಂಡಿದೆ, ಇಲ್ಲವೇ ಕಾಯಿಲಿನ ದಪ್ಪ ಸುರುಳಿ ಬಿಸಿಗೆ ಕಡಿದಿದೆ. ಮಿಣುಕಿದರೂ ಕಿಡಿ ದುರ್ಬಲವಾಗಿದ್ದರೆ ಹೊರಗಿನಿಂದ ಇನ್ನೊಂದು ಕಂಡೆನ್ಸರ್ ತಗುಲಿಸಿ ನೋಡುವುದು, ಆಮೇಲೆ ಇನ್ನೊಂದು ಕಾಯಿಲ್. ನಡುವೆ ಬೇರೇನನ್ನೂ ಮುಟ್ಟುವಂತಿಲ್ಲ.

ಕಿಡಿಯೂ ಪೆಟ್ರೋಲೂ ಸರಿಯಿದ್ದು ಬಿಸಿಯಲ್ಲಿ ಸೆಲ್ಫ್ ಮಾತ್ರ ಎಳೆದೆಳೆದು ತಿರುಗುತ್ತಿದ್ದರೆ ಎಂಜಿನ್ನನ್ನು ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿಯ ತುಕ್ಕನ್ನು ನೋಡಬೇಕು. ಕಿಡಿಯ ಸಮಯ ಹೆಚ್ಚು ಮುಂದಿಟ್ಟಿದ್ದರೂ ಹೀಗಾಗುತ್ತದೆ. ಇಷ್ಟಕ್ಕೂ ಬೇಕಾದ ಹತಾರುಗಳು ಇಕ್ಕಳ, ಬಲ್ಬು, ಒಂದು ಕಂಡೆನ್ಸರ್, ಒಂದು ಕಾಯಿಲ್ ಮತ್ತು ತಾಳ್ಮೆ.

ಉಳಿಯಬೇಕಾದದ್ದು

ಈಗ ಈ ವಿದ್ಯೆ ಯಾರಿಗೆ ಬೇಕು ಎಂದು ಕೇಳಬಹುದು. ಶತಮಾನ ಬದಲಾಗುವ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಹೊಸ ಕಾರುಗಳಿಂದ ಪಾಯಿಂಟ್, ಕಾರ್ಬ್ಯುರೇಟರ್ ಎರಡೂ ಕಾಣೆಯಾದವು. ಪಂಪ್ ಟ್ಯಾಂಕಿನೊಳಗೆ ಹೋಗಿ ಕುಳಿತಿತು, ಕಿಡಿಯ ಲೆಕ್ಕ ಕಂಪ್ಯೂಟರ್ ಪಾಲಾಯಿತು. ತಪ್ಪೇನೆಂದು ಗಾಡಿಯೇ ಸಂಕೇತ ಬರೆದಿಟ್ಟುಕೊಳ್ಳುತ್ತದೆ. ಡೆಲ್ಕೊ ಎಂದರೆ ಏನೆಂದು ಕೇಳುವ ಹುಡುಗರು ಇಂದಿನ ಗ್ಯಾರೇಜುಗಳಲ್ಲಿದ್ದಾರೆ. ಅದು ಅವರ ತಪ್ಪಲ್ಲ.

ಆದರೆ ಹಳೆಯ ಗಾಡಿಗಳು ಹೋಗಿಲ್ಲ. 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. 1970ರ ದಶಕದ ಮೊದಲರ್ಧದ ಅಂಬಾಸಡರುಗಳೂ ಫಿಯೆಟ್ಟುಗಳೂ ಈಗ ಆ ವಯಸ್ಸು ಮುಟ್ಟಿವೆ. ಧರ್ಮಸ್ಥಳದಂಥ ಕಡೆ ಹಳೆಯ ಕಾರುಗಳ ಸಂಗ್ರಹಗಳನ್ನು ಜನ ಸಾಲುಗಟ್ಟಿ ನೋಡುತ್ತಾರೆ. ಇನ್ನೊಂದೆಡೆ ಪೆಟ್ರೋಲೇ ಬದಲಾಗಿದೆ. ಅದರಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿದೆ, 78 ಡಿಗ್ರಿಗೆ ಕುದಿಯುವ ದ್ರವ ಅದು. ಅದಕ್ಕೆಂದು ಮಾಡದ ಹಳೆಯ ರಬ್ಬರ್ ಪೈಪುಗಳಿಗೂ ಅದು ಆಗಿಬರುವುದಿಲ್ಲ. ಹೀಗಾಗಿ ಬಿಸಿಗೆ ಏಳದ ಗಾಡಿಯ ಮುಂದೆ ಇಂದು ಪೆಟ್ರೋಲನ್ನೇ ದೂರುವುದು ಇನ್ನೂ ಸುಲಭವಾಗಿದೆ. ದೂರು ಕೆಲವೊಮ್ಮೆ ನಿಜವೂ ಇದ್ದೀತು. ಹಾಗೆಂದು ಕಾಯಿಲ್ ತನ್ನ ಹಳೆಯ ಚಾಳಿ ಬಿಟ್ಟಿಲ್ಲ. ಕಿಡಿ ನೋಡದೆ ತೀರ್ಪು ಕೊಟ್ಟರೆ ಮತ್ತೆ ಎರಡು ಪಂಪುಗಳ ದುಡ್ಡು ದಂಡ.

ಸಂಗ್ರಹಾಲಯದಲ್ಲಿ ನಿಂತ ಕಾರಿಗೆ ಈ ರೋಗ ಬರುವುದಿಲ್ಲ. ಅದು ಬಿಸಿಯಾಗುವುದೇ ಇಲ್ಲ. ಗಾಡಿ ಗಾಡಿಯಾಗಿ ಉಳಿಯಬೇಕಾದರೆ ಓಡಬೇಕು, ಓಡಿದರೆ ಕಾಯಬೇಕು, ಕಾದಾಗ ಮುನಿದರೆ ಮುನಿಸಿನ ಕಾರಣ ಬಲ್ಲವರು ಹತ್ತಿರವಿರಬೇಕು. ಹಳೆಯ ಕಾರುಗಳಿಗೆ ಬಣ್ಣ ಬಳಿಯುವವರು ಸಿಗುತ್ತಾರೆ. ಆ ಬಲ್ಲವರು ಮಾತ್ರ ಒಬ್ಬೊಬ್ಬರಾಗಿ ಮುದುಕರಾಗುತ್ತಿದ್ದಾರೆ. ಅವರು ಏನನ್ನೂ ಬರೆದಿಟ್ಟವರಲ್ಲ. ಅವರ ಪಕ್ಕದಲ್ಲಿ ಬಲ್ಬು ಹಿಡಿದು ನಿಂತ ಹುಡುಗನಿಗೆ ಮಾತ್ರ ಆ ವಿದ್ಯೆ ಸಿಗುತ್ತಿತ್ತು.

ಗುಡಗೇರಿಯ ಆ ಮಿಸ್ತ್ರಿ ಅಂದು ತೆಗೆದುಕೊಂಡದ್ದು ಹಳೆಯ ಕಾಯಿಲಿನ ಬೆಲೆ ಮತ್ತು ಚಹಾದ ದುಡ್ಡು ಅಷ್ಟೇ. ಹೊರಡುವಾಗ ಅಜ್ಜ ಕಿಟಕಿಯಿಂದ ಕೈ ಚಾಚಿ, ‘ಎಲ್ಲಿ ಕಲಿತಿ ತಮ್ಮಾ?’ ಎಂದು ಕೇಳಿದ್ದರು. ‘ಗಾಡಿ ಕೆಟ್ಟಲ್ಲೇ ಕಲ್ತೇನ್ರಿ ಯಜ್ಜಾ’ ಎಂದಿದ್ದ ಆತ.